ಗೆರೆ ದಾಟುವ ಬೂಟು

ನನ್ನ ಬಲಗೈಯ ಎರಡು ಬೆರಳು ಹೋಗುತ್ತಿದ್ದ ಹೊತ್ತಿಗೆ ನನ್ನ ಪಾಲುದಾರ ಕೈ ತೊಳೆಯುತ್ತಿದ್ದ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ನಂಬಿದವರು ಅವನನ್ನು ಬಯ್ಯುತ್ತಾರೆ. ಅವನನ್ನು ಬಯ್ಯುವ ಹಕ್ಕು ನನ್ನೊಬ್ಬನದು, ಅದನ್ನು ಬೇರೆಯವರಿಗೆ ಬಿಟ್ಟುಕೊಡುವ ಮನಸ್ಸು ನನಗಿಲ್ಲ.

ನಾವಿಬ್ಬರೂ ಕಟುಕರು. ಒಂದೇ ಮಳಿಗೆ, ಎರಡು ವ್ಯಾಪಾರ. ಎಡಗಡೆ ನನ್ನದು: ಕುರಿ, ಆಡು, ಕೋಳಿ, ಎಲ್ಲವೂ ಹಲಾಲ್. ಬಲಗಡೆ ಅವನದು: ಹಂದಿ. ಮಾಂಸದ ಗಾಡಿ ಒಳಗೆ ಬಂದು ತಿರುಗಬೇಕಾದ್ದರಿಂದ ನಡುವೆ ಗೋಡೆ ಕಟ್ಟಲಾಗಲಿಲ್ಲ. ಅದರ ಬದಲು ನೆಲದ ಮೇಲೆ ಮುಂಬಾಗಿಲಿನಿಂದ ಹಿಂಬಾಗಿಲವರೆಗೆ ಒಂದು ಹಳದಿ ಗೆರೆ. ಎಳೆದವನು ನಾನೇ. ನನ್ನ ಚಾಕುಗಳಿಗೆ ಹಸಿರು ಹಿಡಿ, ಅವನವಕ್ಕೆ ಕೆಂಪು. ಅವನು ನನ್ನ ಕಡೆ ಬರಬೇಕಾದರೆ ಏಪ್ರನ್ ಬಿಚ್ಚಬೇಕು, ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಬೇಕು, ಗೆರೆಯ ಪಕ್ಕದಲ್ಲಿಟ್ಟ ಬಿಳಿ ರಬ್ಬರ್ ಬೂಟು ಹಾಕಿಕೊಳ್ಳಬೇಕು.

ಬೀದಿಯವರು ಅವನನ್ನು ಡುಮ್ಮ ಅನ್ನುತ್ತಾರೆ. ಅವನು ನನ್ನನ್ನು ಮೌಲ್ವಿ ಅನ್ನುತ್ತಾನೆ. ನಾನೆಂಥ ಮೌಲ್ವಿ! ಬೆಳಗಿನ ನಮಾಜಿಗೆ ನನ್ನನ್ನು ಎಬ್ಬಿಸಲು ಹೆಂಡತಿ ಮುಖಕ್ಕೆ ನೀರು ಎರಚಬೇಕು. ಆದರೆ ನನ್ನ ಬಾಯಿಗೆ ಏನು ಹೋಗಬೇಕು, ನನ್ನನ್ನು ನಂಬಿ ಬಂದವರ ಬಾಯಿಗೆ ಏನು ಹೋಗಬಾರದು ಎಂಬ ವಿಷಯದಲ್ಲಿ ಮಾತ್ರ ನಾನು ಯಾರಿಗೂ ಜಗ್ಗುವವನಲ್ಲ.

ಶುರುವಿನಲ್ಲಿ ಒಮ್ಮೆ ಡುಮ್ಮ ಮರೆತು ರಕ್ತದ ಬೂಟಿನಲ್ಲೇ ಗೆರೆ ದಾಟಿದ್ದ. ನನ್ನ ಚಾಕು ಕೆಳಗೆ ಬಿದ್ದಿತ್ತು, ಪಾಪ, ಎತ್ತಿಕೊಡಲು ಬಂದ. ನಾನು ಅವನೆದುರಿಗೇ ಮರದ ಕೊರಡಿನ ಮೇಲಿದ್ದ ಮಾಂಸ, ಕೊಕ್ಕೆಗೆ ನೇತುಹಾಕಿದ್ದ ಮಾಂಸ, ಎಲ್ಲವನ್ನೂ ಎಳೆದು ಬೀದಿನಾಯಿಗಳಿಗೆ ಹಾಕಿದೆ. ಆಮೇಲೆ ಬಹಳ ದಿನ ಅವನ ಜೊತೆ ಮಾತು ಬಿಟ್ಟೆ. ಅಂದಿನಿಂದ ಅವನು ಮರೆತಿಲ್ಲ. ನಗುನಗುತ್ತಲೇ ಕೈ ತೊಳೆದು, ನಗುನಗುತ್ತಲೇ ಬೂಟು ಬದಲಿಸಿ, "ಅಪ್ಪಣೆನಾ ಮೌಲ್ವಿ?" ಎಂದು ಕೇಳಿಯೇ ಒಳಗೆ ಕಾಲಿಡುತ್ತಿದ್ದ.

ಆ ದಿನ ಮಧ್ಯಾಹ್ನ ಊರಿನ ಇನ್ನೊಂದು ತುದಿಯಲ್ಲಿ ಹೊಡೆದಾಟವಾಯಿತು. ನಮ್ಮವನೊಬ್ಬ ಯಾರಿಗೋ ಚಾಕು ಹಾಕಿದನಂತೆ. ಆ 'ನಮ್ಮವನ' ಮುಖವನ್ನು ನಾನು ಇಂದಿಗೂ ನೋಡಿಲ್ಲ. ಅವನ ಮೇಲಿನ ಸೇಡು ತೀರಿಸಿಕೊಳ್ಳಲು ಚಾಕು ತಿಂದವನ ಕಡೆಯವರು ಬಂದದ್ದು ಮಾತ್ರ ನನ್ನ ಬಾಗಿಲಿಗೆ.

ಐದಾರು ಜನ. ಮೊದಲ ಏಟಿಗೇ ಗಾಜಿನ ಪೆಟ್ಟಿಗೆ ಚೂರುಚೂರಾಯಿತು. ಎರಡನೆಯ ಏಟು ನನ್ನ ಭುಜಕ್ಕೆ. ಕಬ್ಬಿಣದ ಸರಳಿನದು. ಮೂಳೆ ಮುರಿಯುವ ಸದ್ದನ್ನು ನಾನು ದಿನಾ ಕೇಳುವವನು, ಆ ದಿನ ನನ್ನದೇ ಕೇಳಿಸಿಕೊಂಡೆ. ಅವರಲ್ಲೊಬ್ಬನನ್ನು ನಾನು ಬಲ್ಲೆ. ವಾರವಾರ ಬಂದು, "ಕೊಬ್ಬು ಚೆನ್ನಾಗಿ ತೆಗೀರಿ, ನನ್ನ ಹಾರ್ಟಿಗೆ ಒಳ್ಳೇದಲ್ಲ" ಎನ್ನುತ್ತಿದ್ದವನು. ಇಷ್ಟು ವರ್ಷ ಅವನ ಹೃದಯವನ್ನು ಕಾಪಾಡಿಕೊಂಡು ಬಂದವನು ನಾನು.

"ನಿಮ್ಮೋರು ಚಾಕು ಹಾಕ್ತಾರಂತಲ್ಲ, ಎಲ್ಲಿ, ತೋರ್ಸೋ ನಿನ್ನ ಚಾಕು!" ಎಂದವನೇ ಹಸಿರು ಹಿಡಿಯ ಮಚ್ಚನ್ನು ತಾನೇ ಎತ್ತಿಕೊಂಡ.

ಇಬ್ಬರು ನನ್ನನ್ನು ಕೊರಡಿನ ಮೇಲೆ ಬಗ್ಗಿಸಿದರು. ಒಬ್ಬ ಬಲಗೈ ಎಳೆದು ಹಿಡಿದ. ಕೆನ್ನೆಗೆ ಕುರಿಯ ಕೊಬ್ಬು ಅಂಟಿತು. "ಡುಮ್ಮಾ!" ಎಂದು ಕಿರುಚಿದೆ. ಆಗ ಕೇಳಿಸಿತು, ಗೆರೆಯ ಆಚೆಯಿಂದ, ನಲ್ಲಿಯ ನೀರು ಜೋರಾಗಿ ಬೀಳುವ ಸದ್ದು. ತಲೆ ತಿರುಗಿಸಿದೆ. ಡುಮ್ಮ ಹುಚ್ಚು ಹಿಡಿದವನಂತೆ ಮೊಣಕೈ ಉಜ್ಜುತ್ತಿದ್ದ. ಏಪ್ರನ್ ಕೆಳಗೆ ಬಿದ್ದಿತ್ತು. ಒಂದು ಕಾಲಿನಲ್ಲಿ ಬಿಳಿ ಬೂಟು, ಇನ್ನೊಂದು ಬರಿಗಾಲು. "ಬಂದೆ, ಬಂದೆ ಮೌಲ್ವಿ!" ಎಂದು ಅಳುತ್ತಿದ್ದ. ಮಚ್ಚು ಇಳಿಯಿತು.

ಆಮೇಲೆ ಅವನು ಬಂದ. ಎರಡೂ ಕಾಲಿಗೆ ಬಿಳಿ ಬೂಟು, ಕೈಯಿಂದ ಸೋಪಿನ ನೊರೆ ಸೋರುತ್ತಿತ್ತು. ಅವನದೇ ಉದ್ದನೆಯ ಕೆಂಪು ಹಿಡಿಯ ಚಾಕುಗಳಿದ್ದವು, ಒಂದನ್ನೂ ತಂದಿರಲಿಲ್ಲ. ನನ್ನ ಕಡೆಯ ಕೊಕ್ಕೆಗೋಲು ಕಿತ್ತುಕೊಂಡು ಮಚ್ಚು ಹಿಡಿದವನ ದವಡೆಗೆ ಬೀಸಿದ. ಹಲ್ಲು ನೆಲಕ್ಕೆ ಉದುರಿದವು. ಕೈ ಹಿಡಿದಿದ್ದವನ ಮೊಣಕೈಯನ್ನು ಕೊರಡಿಗೆ ಒತ್ತಿ ಕೋಳಿಕಾಲು ಮುರಿದಂತೆ ಮುರಿದ. ಇನ್ನೊಬ್ಬನ ತೊಡೆಗೆ ಕೊಕ್ಕೆ ಸಿಕ್ಕಿಸಿ ಬೀದಿಯವರೆಗೂ ಎಳೆದುಕೊಂಡು ಹೋದ. ಉಳಿದವರು ಓಡಿದರು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಆ ಹಲ್ಲುಗಳನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

ಬೆರಳುಗಳನ್ನು ಹುಡುಕಿ ಮಂಜುಗಡ್ಡೆಯಲ್ಲಿಟ್ಟು ಆಸ್ಪತ್ರೆಗೆ ತಂದವನೂ ಅವನೇ. ನನ್ನ ಪೆಟ್ಟಿಗೆಯ ಮಂಜುಗಡ್ಡೆ, ಅವನ ಪೆಟ್ಟಿಗೆಯದ್ದಲ್ಲ. ಆದರೂ ಡಾಕ್ಟರಿಗೆ ಅವನ್ನು ಜೋಡಿಸಲು ಆಗಲಿಲ್ಲ.

"ಸಾಕು. ನಿಮ್ಮ ಪಾಲು ಮಾರಿಬಿಡಿ," ಎಂದಳು ಹೆಂಡತಿ, ಅನ್ನ ಕಲಸಿ ಬಾಯಿಗಿಡುತ್ತ. "ನನ್ನ ಅಣ್ಣನ ಬೀದಿಗೆ ಹೋಗೋಣ. ಅಲ್ಲಿ ಎಲ್ಲಾ ನಮ್ಮೋರೇ. ಗೆರೆ ಎಳೆಯೋ ಗೋಜೇ ಇಲ್ಲ."

ನಾನು ಹೂಂ ಎಂದೆ. ಕಣ್ಣು ಮುಚ್ಚಿದರೆ ಸಾಕು, ಆ ನಲ್ಲಿಯ ಸದ್ದು. ಅಂಗಡಿಗೆ ಒಮ್ಮೆ ಹೋಗಿ, ಡುಮ್ಮನ ಮುಖಕ್ಕೆ ಒಂದೇ ಪ್ರಶ್ನೆ ಎಸೆದು, ಬೀಗದ ಕೈ ಕೊಟ್ಟು ಬರುವುದೆಂದು ನಿರ್ಧರಿಸಿದೆ.

ಹೋದೆ. ಗಾಜು ಹೊಸದು. ನೆಲ ಪೂರ್ತಿ ಬೂದು ಬಣ್ಣ. ಗೆರೆ ಇರಲಿಲ್ಲ.

ಡುಮ್ಮ ಎದ್ದು ನಿಂತ. ಅರ್ಧಕ್ಕರ್ಧ ಇಳಿದುಹೋಗಿದ್ದ, ಆ ಹೆಸರು ಅವನಿಗೆ ಇನ್ನು ಒಪ್ಪುತ್ತಿರಲಿಲ್ಲ. "ಅಳಿಸಿಬಿಟ್ಟೆ ಮೌಲ್ವಿ," ಎಂದ. "ಆ ಹಾಳು ಗೆರೆ ಇಲ್ದಿದ್ರೆ ನಾನು ನಿಲ್ತಿರ್ಲಿಲ್ಲ. ಹಂದಿ ಮಾರೋದೂ ಬಿಟ್ಟೆ. ಇನ್ಮೇಲೆ ನಂದೂ ಎಲ್ಲಾ ನಿಂದೇ ಥರ."

ನನಗೆ ಮೈಯೆಲ್ಲ ಉರಿದುಹೋಯಿತು. ಬ್ಯಾಂಡೇಜ್ ಕಟ್ಟಿದ್ದ ಬಲಗೈಯಿಂದಲೇ ಅವನ ಮುಖಕ್ಕೆ ಹೊಡೆದೆ. ಅವನ ಮೂಗಿನಿಂದ ರಕ್ತ ಬಂತು, ನನ್ನ ಕೈಯ ಹೊಲಿಗೆಯೂ ಬಿಚ್ಚಿತು. ಎಡಗೈಯಿಂದ ಮತ್ತೊಂದು ಕೊಟ್ಟೆ. ಅವನು ಕೈ ಎತ್ತಲಿಲ್ಲ. ಇಬ್ಬರ ರಕ್ತವೂ ಆ ಬೂದು ನೆಲದ ಮೇಲೆ ಬಿತ್ತು.

"ನನ್ನ ಗೆರೆ ಅಳಿಸೋಕೆ ನೀನು ಯಾರೋ?"

"ಅದರಿಂದಾನೇ ನಿನ್ನ ಬೆರಳು..."

"ಬೆರಳು ತೆಗೆದವರಿಗೆ ಗೆರೆ ಕಾಣಲಿಲ್ಲ ಕಣೋ! ಸೀದಾ ತುಳ್ಕೊಂಡು ಬಂದ್ರು. ಇಷ್ಟು ವರ್ಷದಲ್ಲಿ ಅದನ್ನ ನೋಡಿ ನಿಂತವನು ನೀನೊಬ್ಬ. ನೀನೂ ಅದನ್ನ ಅಳಿಸಿದ್ರೆ ನಿನಗೂ ಅವರಿಗೂ ಏನು ವ್ಯತ್ಯಾಸ?"

ಕೇಳಬೇಕೆಂದು ಹೋದ ಪ್ರಶ್ನೆ ನನ್ನ ಬಾಯಿಗೆ ಬರಲೇ ಇಲ್ಲ. ಬೀಗದ ಕೈ ಜೇಬಿನಲ್ಲೇ ಉಳಿಯಿತು. ಡುಮ್ಮ ನೆಲದ ಮೇಲೆ ಕುಳಿತು ದೊಡ್ಡ ದನಿಯಲ್ಲಿ ಅತ್ತ. ನಾನೂ ಅತ್ತೆ, ಮುಚ್ಚಿಟ್ಟು ಏನು ಮಾಡಲಿ.

ಆಮೇಲೆ ಅವನು ಒಳಗಿನಿಂದ ಹಳದಿ ಬಣ್ಣದ ಡಬ್ಬ ತಂದು ಹಿಡಿದುಕೊಂಡ. ನಾನು ಎಡಗೈಯಲ್ಲಿ ಬ್ರಷ್ ಹಿಡಿದು ಮುಂಬಾಗಿಲಿನಿಂದ ಎಳೆಯತೊಡಗಿದೆ. ಗೆರೆ ಸೊಟ್ಟಸೊಟ್ಟವಾಗಿ ಬಂತು. "ನನ್ನ ಕಡೆ ಜಾಸ್ತಿ ಬರ್ತಿದೆ ಮೌಲ್ವಿ," ಎಂದು ಮೂಗು ಒರೆಸಿಕೊಳ್ಳುತ್ತ ಹೇಳಿದ. ಬಾಯಿ ಮುಚ್ಚೋ ಎಂದೆ. ಅವನು ತನ್ನ ಕಡೆ, ನಾನು ನನ್ನ ಕಡೆ, ಹಿಂಬಾಗಿಲವರೆಗೆ ತೆವಳಿದೆವು.

"ನಾಳೆಯಿಂದ ನಿನ್ನ ಹಂದಿ ತರಿಸು," ಎಂದೆ. "ಕೈ ತೊಳಿ, ಬೂಟು ಬದಲಿಸು, ಎಲ್ಲಾ ಮೊದಲಿನ ಹಾಗೇ. ಆದರೆ ನಾನು ಕಿರುಚಿದ್ರೆ ಬೂಟು ಬಿಚ್ಚಬೇಡ."

ಅವನು ಹಸಿ ಬಣ್ಣವನ್ನೇ ನೋಡುತ್ತ ಕುಳಿತ. "ಹಾಗೇ ಬಂದ್ರೆ ನಿನ್ನ ಮಾಂಸ?"

"ಎಸೀತೀನಿ. ಅಂಗಡಿಯಲ್ಲಿರೋದನ್ನೆಲ್ಲಾ ನಾಯಿಗೆ ಎಸೀತೀನಿ. ನೀನು ಬಾ."