ಅಟ್ಟಕ್ಕೇರಿದ ರೇಟಿಂಗು

ತಿಪಟೂರಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತರಲ್ಲಿ, ಎರಡು ಸಾವಿರದ ಎಂಟರ ಸುಮಾರಿಗೆ, ವಾಸಿಫ್ ಬಸ್ ಸ್ಟ್ಯಾಂಡಿನ ಹಿಂದೆ ಸೈಬರ್ ಸೆಂಟರ್ ತೆಗೆದ. ಅಲ್ಲಿಗೆ ನಂಜುಂಡಪ್ಪನವರ ಮಗ ತಿಲಕನಿಗೆ ಬದುಕಿನಲ್ಲಿ ಒಂದು ಗುರಿ ಸಿಕ್ಕಿತು. ಬಿ.ಕಾಂ. ಆಗಿತ್ತು, ಅಪ್ಪನ ತೆಂಗಿನ ತೋಟವಿತ್ತು, ಗುರಿಯೊಂದು ಇರಲಿಲ್ಲ. ಈಗ ತಿಂಡಿ ಮುಗಿಸಿದವನೇ ಸೈಬರಿಗೆ ಬಂದು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಇಂಟರ್‌ನೆಟ್ಟಿನಲ್ಲಿ ಬಂದೂಕಿನ ಆಟಕ್ಕೆ ಕೂರುತ್ತಿದ್ದ. ಐದು ಜನರ ಒಂದು ತಂಡ, ಎದುರಿಗೆ ಐದು ಜನರ ಇನ್ನೊಂದು ತಂಡ.

ಆಟಕ್ಕಿಂತ ಅವನಿಗೆ ಹಿಡಿಸಿದ್ದು ಆಟ ಮುಗಿದ ಮೇಲೆ ತೆರೆದುಕೊಳ್ಳುತ್ತಿದ್ದ ಪುಟ. ಎಷ್ಟು ಜನರನ್ನು ಹೊಡೆದೆ, ಎಷ್ಟು ಸಲ ಸತ್ತೆ, ಹಾರಿಸಿದ ಗುಂಡುಗಳಲ್ಲಿ ನೂರಕ್ಕೆ ಎಷ್ಟು ತಾಗಿದವು, ಎಲ್ಲ ಕೂಡಿ ನಿನ್ನ ರೇಟಿಂಗ್ ಎಷ್ಟು ಎಂದು ಅದು ಬಿಡಿಸಿ ಹೇಳುತ್ತಿತ್ತು. ಕಾಲೇಜಿನ ಅಂಕಪಟ್ಟಿಯನ್ನು ಮಡಚಿ ಜೇಬಿನಲ್ಲಿ ಬಚ್ಚಿಟ್ಟುಕೊಂಡಿದ್ದ ಹುಡುಗ ಈ ಪುಟವನ್ನು ಭಕ್ತಿಯಿಂದ ಓದಿದ. ‘ಅಂಕಿಅಂಶ ನೋಡಿ ಆಟ ಸುಧಾರಿಸಿಕೊಳ್ಳಿ’ ಎಂದು ಆಟ ಮಾಡಿದವರು ಹೇಳುತ್ತಿದ್ದರು. ತಿಲಕ ಅಂಕಿಅಂಶವನ್ನೇ ಸುಧಾರಿಸಿದ.

ದೂರದಿಂದ ಹೊಡೆದರೆ ಗುಂಡು ತಪ್ಪುತ್ತದೆ. ದೂರದವರನ್ನು ಹೊಡೆಯುವುದು ಬಿಟ್ಟ. ಮುಂದೆ ನುಗ್ಗಿದರೆ ಸಾಯಬೇಕಾಗುತ್ತದೆ; ನುಗ್ಗುವುದು ಬಿಟ್ಟ. ಸಂಜೆ ಹೊತ್ತು ಬೆಂಗಳೂರಿನ ಪಳಗಿದ ಕೈಗಳು ಆಡಲು ಬರುತ್ತವೆ, ಸಂಜೆಯನ್ನೇ ಬಿಟ್ಟ. ಕೊನೆಗೆ ಉಳಿದದ್ದು ಒಂದು ಕೆಲಸ. ಯಾಸ್ಮಿನ್ ಮುಂದೆ ಹೋಗಿ ಅರೆಜೀವ ಮಾಡಿ ಬಿಟ್ಟವರನ್ನು ಇವನು ಗೋಡೆಯ ಮರೆಯಲ್ಲಿ ಕೂತು ಮುಗಿಸುವುದು.

ಯಾಸ್ಮಿನ್ ವಾಸಿಫನ ತಂಗಿ. ಸೈಬರಿನಲ್ಲಿ ಜನರಿಗೆ ಅರ್ಜಿ ಟೈಪ್ ಮಾಡಿಕೊಡುತ್ತಿದ್ದಳು, ಗಿರಾಕಿ ಇಲ್ಲದಾಗ ಇವರ ತಂಡದಲ್ಲಿ ಆಡುತ್ತಿದ್ದಳು. ಬಾಯಿ ಸ್ವಲ್ಪ ಜೋರು. ರೇಟಿಂಗಿನ ಪಟ್ಟಿಯಲ್ಲಿ ಅವಳ ಹೆಸರು ಪಾತಾಳದಲ್ಲಿತ್ತು. ತನ್ನ ಪುಟದಲ್ಲಿ ಅವಳು ನೋಡುತ್ತಿದ್ದುದು ಎಲ್ಲೆಲ್ಲಿ ಸತ್ತೆ ಎಂದು ತೋರಿಸುವ ನಕ್ಷೆಯನ್ನು ಮಾತ್ರ.

“ನೋಡು ತಿಲಕಣ್ಣ, ಈ ವಾರ ಎಲ್ಲಾ ಟ್ಯಾಂಕ್ ಹತ್ರನೇ ಸತ್ತಿದೀನಿ. ನಾಳೆಯಿಂದ ಹಿತ್ಲು ಬಾಗ್ಲು ಕಡೆಯಿಂದ ನುಗ್ತೀನಿ.”

“ಮೊದ್ಲು ರೇಟಿಂಗ್ ನೋಡ್ಕಳಮ್ಮ ತಾಯಿ,” ಎಂದ ತಿಲಕ.

“ಅದ್ನ ನೋಡಿದ್ರೆ ಅಳು ಬತ್ತೈತೆ. ಅತ್ಕೊಂಡು ಗುರಿ ಇಡಕ್ಕಾಗಲ್ಲ ಬುಡು.”

ಜಿಲ್ಲೆಯ ಪಟ್ಟಿಯಲ್ಲಿ ಮೊದಲ ಹೆಸರು ತನ್ನದಾದ ದಿನ ತಿಲಕ ಮನೆಯಲ್ಲಿ ಹೇಳಿಕೊಂಡ. ನಂಜುಂಡಪ್ಪನವರಿಗೆ ಆಟ ಅರ್ಥವಾಗಲಿಲ್ಲ, ದರ ಅರ್ಥವಾಯಿತು.

“ಇದು ಇಳಿಯೋದುಂಟೇನ್ಲಾ?”

“ಸೋತ್ರೆ ಇಳೀತೈತೆ.”

“ಆಡ್ದೇ ಇದ್ರೆ?”

“ಹಂಗೇ ಇರ್ತೈತೆ.”

ನಂಜುಂಡಪ್ಪನವರು ಮಗನನ್ನು ಮರುಕದಿಂದ ನೋಡಿದರು. “ಮತ್ಯಾಕ್ಲಾ ಆಡ್ತೀಯ, ಬೆಪ್ಪೆ? ಅಟ್ಟಕ್ಕಾಕು.”

ಅವರ ಕಡೆ ಕೊಬ್ಬರಿ ಆಗುವುದೇ ಹಾಗೆ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಸುಮ್ಮನೆ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಆಮೇಲೂ ಮಾರುಕಟ್ಟೆಯ ದರ ನೋಡಿಕೊಂಡೇ ಕೆಳಗಿಳಿಸುವುದು. ಮುಟ್ಟದೆ ಇಟ್ಟದ್ದಕ್ಕೆ ಬೆಲೆ ಬರುತ್ತದೆ ಎಂಬ ನಂಬಿಕೆಯನ್ನು ನಂಜುಂಡಪ್ಪನವರು ಹೊಸ ಪಂಚೆಗೂ, ಸ್ಕೂಟರಿಗೂ, ಮಗನ ಬಿ.ಕಾಂ.ಗೂ ಅನ್ವಯಿಸಿದ್ದರು. ಮಗನಿಗೆ ಮೊದಲ ಬಾರಿಗೆ ಅಪ್ಪನ ಮಾತು ಸರಿ ಎನ್ನಿಸಿತು.

ತಿಲಕ ಆಡುವುದನ್ನು ನಿಲ್ಲಿಸಿದ, ಸೈಬರಿಗೆ ಬರುವುದನ್ನು ನಿಲ್ಲಿಸಲಿಲ್ಲ. ಬಂದು, ಹೆಸರು ಮೇಲಿದೆಯೇ ಎಂದು ನೋಡಿ, ಅಟ್ಟದ ಉಪಾಯವನ್ನು ಎಲ್ಲರಿಗೂ ವಿವರಿಸಿ, ಆಡುವವರ ಬೆನ್ನ ಹಿಂದೆ ನಿಂತು ಬುದ್ಧಿ ಹೇಳಿ ಊಟಕ್ಕೆ ಹೋಗುತ್ತಿದ್ದ. ಹುಡುಗರು ಅವನಿಗೆ ಹಿಂದೆಂದಿಗಿಂತ ಹೆಚ್ಚು ಮರ್ಯಾದೆ ಕೊಟ್ಟರು. ಆಡುವುದು ಬಿಟ್ಟ ಮೇಲೆ ಅವನು ಸೋತದ್ದನ್ನು ಯಾರೂ ಕಂಡಿರಲಿಲ್ಲವಲ್ಲ!

ಅಷ್ಟರಲ್ಲಿ ತುಮಕೂರಿನಲ್ಲಿ ಜಿಲ್ಲಾ ಪಂದ್ಯ ಗೊತ್ತಾಯಿತು. ಈ ಭಾಗದಿಂದ ಒಂದೇ ತಂಡ ಹೋಗಬಹುದು, ತಿಪಟೂರು ಇಲ್ಲವೇ ಹುಳಿಯಾರು. ವಾಸಿಫನ ಸೈಬರಿನಲ್ಲೇ ಎದುರುಬದುರು ಕೂತು ಆಡಿ ಇತ್ಯರ್ಥ ಮಾಡಿಕೊಳ್ಳುವುದೆಂದು ಆಯಿತು. ಯಾಸ್ಮಿನ್‌ಗೆ ತುಮಕೂರು ಬೇಕೇ ಬೇಕಿತ್ತು. ಗೆದ್ದರೆ ಅಣ್ಣನ ಜೊತೆ ಹೋಗಿ ಬಾ, ಸೋತರೆ ಆ ಆಟದ ಹೆಸರೆತ್ತಕೂಡದು ಎಂದು ತಾಯಿ ಅಮೀನಾ ಬೀ ಖಡಾಖಂಡಿತವಾಗಿ ಹೇಳಿದ್ದಳು.

“ಒಂದಿನ ಅಟ್ಟ ಇಳ್ದು ಬಾರಣ್ಣ,” ಎಂದು ಯಾಸ್ಮಿನ್ ಕೇಳಿದಳು. “ಐದ್ನೆಯವ್ರು ಯಾರೂ ಇಲ್ಲ. ಸೋತ್ರೆ ನಮ್ಮಮ್ಮಿ ನನ್ನ ಮೌಸೂ ಮುಟ್ಟಕ್ಕೆ ಬಿಡಲ್ಲ.”

ತಿಲಕ ಒಪ್ಪಿಕೊಂಡ. ಅವಳು ಗೆಲ್ಲಬೇಕೆಂದು ಅವನಿಗೆ ಮನಸಾರೆ ಆಸೆಯಿತ್ತು. ರೇಟಿಂಗ್ ಇಳಿಯಬಾರದೆಂದೂ ಅಷ್ಟೇ ಆಸೆಯಿತ್ತು.

ಭಾನುವಾರ ನಂಜುಂಡಪ್ಪನವರು ಕೊಬ್ಬರಿ ಮಂಡಿಯ ಬಸವರಾಜಪ್ಪನವರನ್ನು ಕರೆದುಕೊಂಡು ಮಗನ ಪ್ರತಾಪ ನೋಡಲು ಬಂದರು. ಇಬ್ಬರೂ ಮಗನ ಕುರ್ಚಿಯ ಹಿಂದೆ ಕೈಕಟ್ಟಿ ನಿಂತರು. ಕೊನೆಯ ಸುತ್ತಿಗೆ ಬರುವಾಗ ಎರಡು ತಂಡಗಳೂ ಸಮ. ಈ ಸುತ್ತಿನಲ್ಲಿ ಹುಳಿಯಾರಿನವರು ಕೋಟೆ ಕಾಯಬೇಕು, ತಿಪಟೂರಿನವರು ಒಳಗಿರುವವರನ್ನೆಲ್ಲ ಮುಗಿಸಬೇಕು. ಹೊತ್ತು ಮುಗಿದರೆ ಗೆಲುವು ಕೋಟೆಯವರದು.

ವಾಸಿಫನೂ ಉಳಿದಿಬ್ಬರೂ ಬಾಗಿಲಲ್ಲೇ ಬಿದ್ದರು. ಯಾಸ್ಮಿನ್ ಹಿತ್ತಿಲ ಬಾಗಿಲಿನಿಂದ ನುಗ್ಗಿ ಒಬ್ಬೊಬ್ಬರನ್ನೇ ಉರುಳಿಸುತ್ತಾ ಹೋಗಿ, ಉಳಿದ ಕಡೆಯವನನ್ನು ಕುಂಟುವಂತೆ ಮಾಡಿ, ತಾನೂ ಬಿದ್ದಳು. ಈಗ ಅವನೊಬ್ಬ, ಇತ್ತ ಗೋಡೆಯ ಮರೆಯಲ್ಲಿ ತಿಲಕನೊಬ್ಬ.

“ಹೊಡಿ ಕಣ್ಲಾ!” ಎಂದು ವಾಸಿಫ್ ಕೂಗಿದ.

“ಒಂದು ತಾಗಿದ್ರೆ ಸಾಕು, ಹೊಡಿಯಣ್ಣ!” ಯಾಸ್ಮಿನ್ ಎದ್ದೇ ನಿಂತಿದ್ದಳು.

ತಿಲಕ ನೋಡಿದ. ಸ್ವಲ್ಪ ದೂರವಿತ್ತು. ಇಲ್ಲಿಂದ ಹೊಡೆದು ತಪ್ಪಿದರೆ ನೂರಕ್ಕೆ ಎಷ್ಟು ಎನ್ನುವುದು ಹಾಳು. ಹತ್ತಿರ ಹೋಗಿ ಸತ್ತರೆ ಇನ್ನೂ ಹಾಳು. ಅವನೇ ಹತ್ತಿರ ಬರಲಿ ಎಂದು ಕಾದ. ಹೊತ್ತು ಕಳೆದರೆ ಗೆಲ್ಲುವವನು ಯಾವ ಕರ್ಮಕ್ಕೆ ಹತ್ತಿರ ಬಂದಾನು? ಹೊತ್ತು ಮುಗಿಯಿತು. ಹುಳಿಯಾರಿನ ಹುಡುಗರು ಕೇಕೆ ಹಾಕುತ್ತಾ ಟೀ ಕುಡಿಯಲು ಹೊರಟರು.

“ಯಾಕ್ಲಾ ಹೊಡೀಲಿಲ್ಲ?” ಎಂದ ವಾಸಿಫ್.

“ರೇಟಿಂಗು...”

“ಇದು ನಮ್ಮ ಹತ್ತು ಕಂಪ್ಯೂಟರ್ ಒಳಗಿನ ಆಟ ಕಣ್ಲಾ. ಇಂಟರ್‌ನೆಟ್ಟಿಗೇ ಹೋಗಿಲ್ಲ. ನೀನು ನೂರು ಗುಂಡು ತಪ್ಪಿಸಿದ್ರೂ ಆ ಪಟ್ಟಿಗೆ ಗೊತ್ತಾಗ್ತಿರ್ಲಿಲ್ಲ.”

ತಿಲಕನಿಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಆಗ ಹಿಂದಿನಿಂದ ಅಪ್ಪನ ಕೈ ಹೆಗಲ ಮೇಲೆ ಬಿತ್ತು.

“ನೋಡಿದ್ರಾ ಬಸವರಾಜಪ್ಪನೋರೆ? ಮಿಕ್ಕೋರೆಲ್ಲಾ ದಡಬಡ ನುಗ್ಗಿ ಸತ್ರು. ನಮ್ಮುಡ್ಗ ಒಬ್ನೇ ಉಳ್ಕೊಂಡ. ಒಂದು ಗುಂಡೂ ದಂಡ ಮಾಡ್ಲಿಲ್ಲ ಕಣ್ರೀ!”

ಬಸವರಾಜಪ್ಪನವರು ಮೆಚ್ಚಿ ತಲೆದೂಗಿದರು. ಅಪ್ಪ ಜನರೆದುರು ತಿಲಕನನ್ನು ಹೊಗಳಿದ್ದು ಹುಟ್ಟಿದ ಮೇಲೆ ಇದೇ ಮೊದಲು. ಅವನಿಗೆ ತಲೆಯೆತ್ತಲಾಗಲಿಲ್ಲ.

ಯಾಸ್ಮಿನ್ ಕಂಪ್ಯೂಟರ್ ಆರಿಸಿ ದುಪಟ್ಟಾ ಸರಿಮಾಡಿಕೊಂಡಳು. “ಹೌದು ಯಜಮಾನ್ರೆ,” ಎಂದಳು ನಂಜುಂಡಪ್ಪನವರಿಗೆ, “ತಿಲಕಣ್ಣಂಗೆ ಏನೂ ಆಗಿಲ್ಲ.” ಆಮೇಲೆ ಸೋತದ್ದನ್ನು ಅಮ್ಮನಿಗೆ ಹೇಳಲು ಮನೆಗೆ ಹೋದಳು.