ಹೂಂಗುಟ್ಟದ ಪೆಟ್ಟಿಗೆ

ಒಂದಾನೊಂದು ಊರಿನಲ್ಲಿ ಒಂದು ಪೆಟ್ಟಿಗೆ ಇತ್ತಂತೆ. ಅದಕ್ಕೆ ಬಾಯಿ ಇತ್ತು, ಕಿವಿ ಇರಲಿಲ್ಲ. ಹಾಡೆಂದರೆ ಹಾಡುತ್ತಿತ್ತು, ನಾವು ಹೇಳಿದ್ದು ಮಾತ್ರ ಅದಕ್ಕೆ ಕೇಳುತ್ತಿರಲಿಲ್ಲ.

ಊರು ಪುಣೆ, ಓಣಿ ಹಡಪಸರದ್ದು, ವರ್ಷ ಎರಡು ಸಾವಿರದ ಮೂರು. ಪೆಟ್ಟಿಗೆ ಎಂದರೆ ತ್ರಿವೇಣಿಯ ಕಂಪ್ಯೂಟರು. ಮಾಮನ ಮಗ ಸ್ವಪ್ನಿಲ್ ಅದರೊಳಗೆ ಪುಕ್ಕಟೆ ಸಿಗುವ ಲಿನಕ್ಸ್ ಎಂಬ ತಂತ್ರಾಂಶ ತುಂಬಿ, ರೈಲ್ವೆ ನೌಕರಿ ಹಿಡಿದು ದೌಂಡಕ್ಕೆ ಹೋಗಿದ್ದ. ತುಂಬುವುದಷ್ಟೇ ಅವನಿಗೆ ಗೊತ್ತಿದ್ದದ್ದು.

ಅಜ್ಜಿ ಭೀಮವ್ವನ ಗಂಟಲಲ್ಲಿ ಗಡ್ಡೆ ಎದ್ದಿತ್ತು. ಹನ್ನೆರಡು ದಿನಕ್ಕೆ ಆಪರೇಷನ್, ಆಮೇಲೆ ದನಿ ಇರುವುದಿಲ್ಲ ಎಂದಿದ್ದರು ಡಾಕ್ಟರು. ಅಕ್ಕ ರೇಣುವಿಗೆ ಆಗ ಏಳು ತಿಂಗಳು. ಹುಟ್ಟುವ ಕೂಸಿಗಾಗಿ ಎಳ್ಳುಕಾಳಿನ ರಾಣಿಯ ಕತೆಯನ್ನು ನಿನ್ನ ದನಿಯಲ್ಲೇ ಪೆಟ್ಟಿಗೆಯಲ್ಲಿ ಕೂಡಿಸಿಡುತ್ತೇನೆ ಎಂದು ತ್ರಿವೇಣಿ ಅಜ್ಜಿಗೆ ಮಾತು ಕೊಟ್ಟಳು. ಟೇಪ್‌ರೆಕಾರ್ಡರ್ ಅಜ್ಜಿಗೆ ಬೇಡವಾಗಿತ್ತು. ಹಿಂದೊಮ್ಮೆ ಅವಳ ಕತೆಯ ಮೇಲೆಯೇ ಅಪ್ಪ ಕ್ರಿಕೆಟ್ ಕಾಮೆಂಟ್ರಿ ತುಂಬಿಬಿಟ್ಟಿದ್ದ.

ಅಜ್ಜಿ ಮೈಕಿನ ಮುಂದೆ ಕೂತು ಕತೆ ಶುರು ಮಾಡಿದಳು. ದನಿಗೆ ತಕ್ಕಂತೆ ಕುಣಿಯಬೇಕಾದ ಪರದೆಯ ಮೇಲಿನ ಗೆರೆ ಸತ್ತ ಹಾವಿನಂತೆ ಬಿದ್ದೇ ಇತ್ತು.

"ಹೂಂಗುಡವಲ್ದು ಇದು," ಎಂದಳು ಅಜ್ಜಿ. "ಹೂಂ ಅನ್ನದಿದ್ರ ಕತಿ ನಡು ಹಾದ್ಯಾಗ ಕುಂದರತದ."

ತ್ರಿವೇಣಿ ದಿನವೂ ಸೈಬರ್ ಕೆಫೆಗೆ ಹೋಗಿ ಮೈಕು ದನಿ ಹಿಡಿಯುತ್ತಿಲ್ಲ ಎಂದು ಲಿನಕ್ಸ್ ಬಲ್ಲವರ ಗುಂಪಿಗೆ ಪತ್ರ ಬರೆದಳು. ಲಿನಕ್ಸಿನ ತಿರುಳಾದ ಕರ್ನಲ್ ಯಾವುದು ಎಂದು ಒಬ್ಬ ಕೇಳಿದ. ಮೊದಲು ಕೈಪಿಡಿ ಓದಿ ಬನ್ನಿ ಎಂದ ಇನ್ನೊಬ್ಬ. ಮೈಕು ನಡೆಸುವ ಡ್ರೈವರ್ ತಂತ್ರಾಂಶವನ್ನು ನೀವೇ ಕಂಪೈಲ್ ಮಾಡಿಕೊಳ್ಳಿ ಎಂದ ಮತ್ತೊಬ್ಬ. ಆಮೇಲೆ ಯಾವ ಬಗೆಯ ಲಿನಕ್ಸ್ ಉತ್ತಮವೆಂದು ಅವರವರೇ ಜಗಳಕ್ಕೆ ಬಿದ್ದರು, ಅವಳ ಪ್ರಶ್ನೆ ಅದರಡಿ ಹೂತುಹೋಯಿತು. ಆಪರೇಷನ್ನಿನ ತಾರೀಖನ್ನೂ ಬರೆದಳು. ಅದು ಇಲ್ಲಿ ಅಪ್ರಸ್ತುತ ಎಂದು ಉತ್ತರ ಬಂತು.

"ಏನಂದ್ರು ನಿನ್ನ ಪಂಡಿತರು?" ಅಜ್ಜಿಯ ದನಿ ದಿನದಿಂದ ದಿನಕ್ಕೆ ಸವೆಯುತ್ತಿತ್ತು.

"ನನಗ ತಿಳಿಯೂದಿಲ್ಲಜ್ಜಿ. ಏನೇನೋ ಕೇಳ್ತಾರ."

"ನೀರಡಿಕ್ಯಾಗೇದ ಅಂದ್ರ ಹಗ್ಗ ಎಷ್ಟು ಮೊಳ ಅದ ಅಂತಾರ, ಹೌದಿಲ್ಲ?"

ಹನ್ನೊಂದನೆಯ ದಿನ ಅಜ್ಜಿಯೇ ಸೋತು ಟೇಪ್ ತಾ ಎಂದು ಪಿಸುಗುಟ್ಟಿದಳು. ತಂದರು. ಕತೆಗೆಂದು ಬಾಯಿ ತೆರೆದರೆ ಗಂಟಲಿಂದ ಗಾಳಿಯಷ್ಟೇ ಬಂತು.

ಆಪರೇಷನ್ ಆಗಿ ಎಂಟು ದಿನಕ್ಕೆ, ಮಧುಕರ ಎಂಬ ಯಾರೋ ಎರಡು ಸಾಲು ಬರೆದಿದ್ದ: "ದನಿ ಹೊಂದಿಸುವ ಮಿಕ್ಸರ್ ತೆರೆದು, ಕ್ಯಾಪ್ಚರ್ ಎಂಬಲ್ಲಿ ನಿಂತು ಸ್ಪೇಸ್ ಕೀಲಿ ಒತ್ತಿ, ಮೈಕು ಮೊದಲಿಂದಲೂ ಮುಚ್ಚಿಯೇ ಇರುತ್ತದೆ. ನನಗೂ ಇದು ತಿಳಿಯಲು ತಿಂಗಳು ಹಿಡಿದಿತ್ತು."

ಮನೆಗೆ ಬಂದು ಒತ್ತಿದಳು. ಗೆರೆ ಎದ್ದು ಕುಣಿಯಿತು. ಇಷ್ಟೇ. ಕೀಲಿಗಳಲ್ಲೆಲ್ಲ ಉದ್ದನೆಯದು, ಇಷ್ಟು ದಿನ ಬೆರಳಡಿಯಲ್ಲೇ ಇತ್ತು. ತ್ರಿವೇಣಿಗೆ ಅಳುವೂ ಬರಲಿಲ್ಲ.

ಕೊರಳಿಗೆ ಪಟ್ಟಿ ಕಟ್ಟಿದ ಅಜ್ಜಿ ಮಂಚದ ಮೇಲಿಂದ ಎಲ್ಲ ನೋಡುತ್ತಿದ್ದಳು. ಮೈಕನ್ನು ಮೆಲ್ಲಗೆ ಮೊಮ್ಮಗಳತ್ತ ತಳ್ಳಿದಳು. ತ್ರಿವೇಣಿ ತಲೆ ಅಲ್ಲಾಡಿಸಿದಳು. ಅಜ್ಜಿ ಮತ್ತೆ ತಳ್ಳಿದಳು.

"ಒಂದೂರಾಗ ಒಬ್ಬ ರಾಣಿ ಇದ್ಳಂತ," ಎಂದು ತ್ರಿವೇಣಿ ಶುರು ಮಾಡಿದಳು. "ಎಳ್ಳುಕಾಳಿನಷ್ಟ ಇದ್ಳಂತ." ಅಷ್ಟಕ್ಕೇ ನಿಲ್ಲಿಸಿ ಅಜ್ಜಿಯತ್ತ ನೋಡಿದಳು.

ಅಜ್ಜಿ ಕೈಯ ಬೆಳ್ಳಿ ಕಡಗವನ್ನು ಮಂಚದ ಅಂಚಿಗೆ ಬಡಿದಳು. ಟಣ್.

ಹೂಂ, ಮುಂದೆ ಹೇಳು.

ತ್ರಿವೇಣಿ ಹೇಳಿದಳು. ಪ್ರತಿ ಮಾತಿಗೂ ಕಡಗ ಟಣ್ ಎನ್ನುತ್ತಿತ್ತು. ಎಲ್ಲೋ ಒಂದು ಕಡೆ ತಪ್ಪಿದಾಗ ಸುಮ್ಮನಾಯಿತು, ತಿದ್ದಿ ಹೇಳಿದ ಮೇಲೆಯೇ ಮತ್ತೆ ಬಡಿಯಿತು. ಕತೆಯ ಕೊನೆಗೆ ರಾಣಿ ಮನೆ ಸೇರಿದಳು. ಕಡೆಯ ಟಣ್ ಪೂರ್ತಿ ಆರುವ ತನಕ ಕಾದು, ತ್ರಿವೇಣಿ ಕತೆಯನ್ನು ಪೆಟ್ಟಿಗೆಯಲ್ಲಿ ಉಳಿಸಿದಳು.