ಮುಚ್ಚಳ ಹಿಡಿದು ನಿಂತವರು

ಬೀರೂರಿನಿಂದ ಕಡೂರಿಗೆ ಹೋಗುವ ರಸ್ತೆಯ ಆ ಪೆಟ್ರೋಲ್ ಬಂಕಿನಲ್ಲಿ ಇದ್ದದ್ದು ಒಂದೇ ಕುರ್ಚಿ. ಅದು ಮಾಲೀಕ ಹನುಮಂತಯ್ಯನವರದು. ಪೆಟ್ರೋಲ್ ಹಾಕುವ ಅನಿತಾ, ಈರಕ್ಕ, ಮಧುಶ್ರೀ ಮೂವರೂ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಕು. ಕೆಲಸದವರು ಕುಳಿತರೆ ಗಿರಾಕಿಗಳಿಗೆ ಅಗೌರವವಂತೆ. ಕಾದ ಕಾಂಕ್ರೀಟು ಚಪ್ಪಲಿಯನ್ನೂ ದಾಟಿ ಅಂಗಾಲು ಸುಡುತ್ತಿತ್ತು. ಕೈಗೆ ಸೋಪು ಹಾಕಿ ಎಷ್ಟು ಉಜ್ಜಿದರೂ ಮಧ್ಯಾಹ್ನದ ಮುದ್ದೆಗೆ ಪೆಟ್ರೋಲಿನ ವಾಸನೆ ಅಂಟುತ್ತಿತ್ತು.

“ನಾವೂ ಪೆಟ್ರೋಲ್ ಕುಡ್ದೇ ಓಡೋದು ಕಣ್ರೇ. ಹೊಗೆ ಮಾತ್ರ ಕಾಣಲ್ಲ” ಎಂದು ಈರಕ್ಕ ನಗಿಸುತ್ತಿದ್ದಳು.

ಮೇಲೆ ಒಂದು ಕ್ಯಾಮೆರಾ ಇತ್ತು. ಅದು ಬರುವ ಕಾರುಗಳನ್ನು ನೋಡುತ್ತಿರಲಿಲ್ಲ. ಕೆಲಸದವರ ಕೈ ಹಣದ ಚೀಲದಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನಷ್ಟೇ ಕಾಯುತ್ತಿತ್ತು. ಅನುಮಾನಕ್ಕೂ ಒಂದು ದಿಕ್ಕಿರುತ್ತದೆ. ಅದು ಯಾವಾಗಲೂ ಮೇಲಿನಿಂದ ಕೆಳಕ್ಕೆ.

ಕೊಬ್ಬರಿ ಮಂಡಿಯ ರಾಮಸ್ವಾಮಿಯವರದು ಎತ್ತರದ ಕಾರು. ಅದರ ನೆತ್ತಿಯ ಮೇಲೆ ಕ್ಯಾರಿಯರ್, ಕ್ಯಾರಿಯರ್ ಮೇಲೆ ಮಡಿಸಿ ಕಟ್ಟಿದ ಗೋಣಿಚೀಲಗಳು. ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಕಾರಿಗೆ ಕಟ್ಟಿಹಾಕುವ ಸಣ್ಣ ಪಟ್ಟಿ ಎಂದೋ ಹರಿದುಹೋಗಿತ್ತು.

“ಸಾರ್, ಈ ಪಟ್ಟಿ ಹಾಕಿಸ್ಬಿಡಿ. ಇದಿದ್ರೆ ಮುಚ್ಚಳ ಇಲ್ಲೇ ನೇತಾಡ್ಕೊಂಡಿರ್ತದೆ, ಎಲ್ಲೂ ಹೋಗಲ್ಲ” ಎಂದು ಅನಿತಾ ಹೇಳಿದ್ದಳು.

“ನೀನು ಪೆಟ್ರೋಲ್ ಹಾಕಮ್ಮ, ಪಾಠ ಬ್ಯಾಡ. ಮುಚ್ಚಳಾನ ಬಣ್ಣದ ಮೇಲಿಡ್ಬೇಡ, ಗೀಚು ಬೀಳ್ತದೆ. ಮೇಲೆ ಗೋಣಿಚೀಲ ಐತಲ್ಲ, ಅಲ್ಲಿಡು.”

ಅಂದಿನಿಂದ ಅವಳು ತುದಿಗಾಲಿನಲ್ಲಿ ನಿಂತು, ಕೈ ಚಾಚಿ, ಮುಚ್ಚಳವನ್ನು ಗೋಣಿಚೀಲದ ಮೇಲೆಯೇ ಇಡುತ್ತಿದ್ದಳು.

ಒಂದು ದಿನ ರಾಮಸ್ವಾಮಿ ಅವಸರದಲ್ಲಿದ್ದರು. ಅನಿತಾ ಟ್ಯಾಂಕಿನಿಂದ ಪಂಪಿನ ನಳಿಗೆಯನ್ನು ಹೊರಗೆಳೆದದ್ದೇ ತಡ, ಕಾರು ಹೊರಟೇಬಿಟ್ಟಿತು.

“ಸಾರ್! ಮುಚ್ಚಳ! ಸಾರ್!” ಎಂದು ಅವಳು ರಸ್ತೆಯವರೆಗೆ ಓಡಿದಳು. ಅವರು ಕಿಟಕಿಯಿಂದ ಕೈ ಹೊರಚಾಚಿ, ಭಿಕ್ಷೆ ಇಲ್ಲವೆನ್ನುವಂತೆ ಆಡಿಸಿದರು.

ಅಜ್ಜಂಪುರಕ್ಕೆ ಹೋಗಿ ಸಂಜೆ ಬಂಕಿಗೆ ಹಿಂತಿರುಗುವಷ್ಟರಲ್ಲಿ, ತಿರುವು ತಿರುವಿಗೂ ತುಳುಕಿದ ಪೆಟ್ರೋಲು ಕಾರಿನ ಪಕ್ಕೆಯ ಮೇಲೆ ಗೆರೆ ಎಳೆದಿತ್ತು. ಟ್ಯಾಂಕಿನ ಬಾಯಿಗೆ ಕರವಸ್ತ್ರ ತುರುಕಿದ್ದರು.

“ಹನುಮಂತಯ್ಯ, ನಿನ್ನ ಹುಡ್ಗಿ ಮುಚ್ಚಳ ಹೊಡ್ಕೊಂಡವ್ಳೆ!”

“ನಾನ್ಯಾಕ್ ಸಾರ್ ಹೊಡ್ಕೊಳ್ಲಿ?” ಅನಿತಾ ಕೇಳಿದಳು. “ನನ್ಹತ್ರ ಕಾರಿಲ್ಲ. ಸಾರಿನ ಗಡಿಗೆಗೆ ಮುಚ್ಚೋಣ ಅಂದ್ರೆ ಅದಕ್ಕೂ ಸಣ್ಣದಾಯ್ತದೆ.”

ಈರಕ್ಕ ಕಿಸಕ್ಕನೆ ನಕ್ಕಳು. ಹನುಮಂತಯ್ಯ ನಗಲಿಲ್ಲ. ಅವರು ಅನಿತಾಳ ಬುತ್ತಿಯ ಚೀಲವನ್ನು ತಂದು ಎಲ್ಲರೆದುರು ಸುರಿದರು. ಅರ್ಧ ಉಳಿದ ಮುದ್ದೆ, ಒಂದು ಬಾಚಣಿಗೆ, ಮಗಳಿಗೆಂದು ಕೊಂಡಿದ್ದ ರಬ್ಬರ್ ಬ್ಯಾಂಡುಗಳು ನೆಲಕ್ಕೆ ಬಿದ್ದವು.

ಅನಿತಾಳ ಮುಖ ಕೆಂಪಾಯಿತು. “ಸರಿ. ನನ್ನ ಚೀಲ ನೋಡಿದ್ರಲ್ಲ, ಇವ್ರ ಚೀಲಾನೂ ನೋಡಣ. ಮುಚ್ಚಳ ಇಟ್ಟಿದ್ದು ಮೇಲಿನ ಗೋಣಿಚೀಲದ ಮೇಲೆ.”

“ನನ್ನ ಗಾಡಿ ಮೇಲೆ ಹತ್ತಿ ನೀನು ತಪಾಸಣೆ ಮಾಡ್ತೀಯೇನೇ? ನಾನೇ ನೋಡೀನಿ, ಇಲ್ಲ!” ಎಂದು ರಾಮಸ್ವಾಮಿ ಗುಡುಗಿದರು. ನೆಲದ ಮೇಲೆ ನಿಂತರೆ ಅವರ ಕಣ್ಣು ಕಿಟಕಿಯ ಗಾಜಿಗಿಂತ ಮೇಲಕ್ಕೆ ಹೋಗುವಂತಿರಲಿಲ್ಲ. ಆದರೆ ದೊಡ್ಡವರು ನೋಡಿದೆನೆಂದರೆ ನೋಡಿದಂತೆಯೇ. ಬಡವಳ ಬುತ್ತಿ ತಪಾಸಣೆಗೆ ಯೋಗ್ಯವಾಯಿತು. ಸಾಹುಕಾರನ ಗೋಣಿಗೆ ಮಾನವಿತ್ತು.

ಹನುಮಂತಯ್ಯ ತೀರ್ಪು ಕೊಟ್ಟರು. “ನಾಳೆ ಬೆಳಿಗ್ಗೆ ಸಾಹುಕಾರ್ರು ಬತ್ತಾರೆ. ಕೈ ಮುಗ್ದು, ತಪ್ಪಾಯ್ತು ಅಂತ ಕ್ಷಮೆ ಕೇಳು. ಇಲ್ಲ, ಕೆಲಸ ಬಿಡು. ಇನ್ನು ನೀವು ಮೂವರೂ ಕೇಳಿಸ್ಕೊಳ್ಳಿ: ಗಿರಾಕಿ ಸಾಮಾನು ಗಿರಾಕಿ ಕೈಗೇ ಒಪ್ಪಿಸ್ಬೇಕು. ಎಲ್ಲೆಲ್ಲೋ ಇಡಂಗಿಲ್ಲ.”

ಮನೆಗೆ ಹೋಗುವ ದಾರಿಯಲ್ಲಿ ಈರಕ್ಕ, ಮಧುಶ್ರೀಯರ ಜೊತೆ ನಡೆಯುತ್ತಾ ಅನಿತಾ ಎರಡನ್ನೂ ತೂಗಿ ನೋಡಿದಳು. ಕಳ್ಳಿ ಎಂಬ ಹೆಸರು ಹೊತ್ತು ಈ ಕೆಲಸ ಬಿಟ್ಟರೆ ಊರಿನಲ್ಲಿ ಬೇರೆ ಯಾರು ಕೆಲಸ ಕೊಡುತ್ತಾರೆ? ಕ್ಷಮೆ ಕೇಳಿದರೆ ಆ ಹೆಸರನ್ನು ತಾನೇ ಒಪ್ಪಿಕೊಂಡಂತೆ.

ಈರಕ್ಕ ಇದ್ದಕ್ಕಿದ್ದಂತೆ ನಿಂತಳು. “ಲೇ, ಯಜಮಾನ್ರು ಏನಂದ್ರು? ಗಿರಾಕಿ ಕೈಗೇ ಒಪ್ಪಿಸ್ಬೇಕು. ಅಲ್ವಾ?”

“ಹೂಂ.”

“ಒಪ್ಪಿಸಣ ಕಣೇ. ಚೆನ್ನಾಗಿ ಒಪ್ಪಿಸಣ.”

ಮರುದಿನ ಬೆಳಿಗ್ಗೆ ಬಂಕಿನಲ್ಲಿ ಹೊಸ ಶಿಸ್ತು ಜಾರಿಗೆ ಬಂತು. ಮೊದಲ ಕಾರು ಬಂದು ಹಾರ್ನ್ ಹೊಡೆಯಿತು. ಮಧುಶ್ರೀ ಮುಚ್ಚಳ ತಿರುಗಿಸಿ ತೆಗೆದು ಕಿಟಕಿಯ ಬಳಿ ನಿಂತಳು.

“ಇಳೀರಿ ಸಾರ್. ಮುಚ್ಚಳ ಹಿಡ್ಕೊಳ್ಳಿ. ಯಜಮಾನ್ರ ಆರ್ಡರ್.”

“ಒಳಗೇ ಕೊಡಮ್ಮ.”

“ಪೆಟ್ರೋಲ್ ವಾಸನೆ ಸಾರ್, ಸೀಟಿಗೆ ಮೆತ್ಕೊಂಡ್ರೆ ಹೋಗಲ್ಲ. ನಮಗೆ ಗೊತ್ತಲ್ಲ.”

ಇಳಿದರು. ಅವರ ಹಿಂದಿನವರೂ ಇಳಿದರು. ಬ್ಯಾಂಕಿನವರು, ವಕೀಲರು, ತರೀಕೆರೆಗೆ ಮದುವೆಗೆ ಹೊರಟಿದ್ದ ಗರಿಗರಿ ಪಂಚೆಯ ಹಿರಿಯರು, ಎಲ್ಲರೂ ತೀರ್ಥಕ್ಕೆ ನಿಂತವರಂತೆ ಅಂಗೈಯಲ್ಲಿ ತಮ್ಮ ತಮ್ಮ ಮುಚ್ಚಳ ಹಿಡಿದು ಬಿಸಿಲಿಗೆ ನಿಂತರು. ಕಾಂಕ್ರೀಟು ಅವರ ಪಾದಗಳನ್ನೂ ಬಿಡಲಿಲ್ಲ. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದರು. ಹನುಮಂತಯ್ಯ ಕುರ್ಚಿ ಬಿಟ್ಟು ಓಡಿ ಬಂದರು.

“ಏನ್ರೇ ಇದು?”

“ನೀವು ಹೇಳಿದ್ದೇ ಯಜಮಾನ್ರೇ!” ಎಂದಳು ಈರಕ್ಕ, ಮಗುವಿನಂಥ ಮುಖ ಮಾಡಿ.

ಅಷ್ಟರಲ್ಲಿ ರಾಮಸ್ವಾಮಿಯವರ ಕಾರು ಬಂತು. ಹಿಂದೆಯೇ ಎಮ್ಮೆದೊಡ್ಡಿ ಕಡೆಯಿಂದ ಚಿಕ್ಕಬೀರಪ್ಪನ ಹಾಲಿನ ವ್ಯಾನು. ರಾಮಸ್ವಾಮಿ ಇಳಿದು ಹೊಟ್ಟೆಯ ಮೇಲೆ ಕೈ ಕಟ್ಟಿ ನಿಂತರು.

“ಎಲ್ಲಿ, ಕ್ಷಮೆ ಕೇಳ್ಸಯ್ಯ ಹನುಮಂತಯ್ಯ.”

ಅನಿತಾ ಟ್ಯಾಂಕಿನ ಬಾಯಿಂದ ಕರವಸ್ತ್ರ ಎಳೆದು, ತೊಟ್ಟಿಕ್ಕುತ್ತಿದ್ದ ಅದನ್ನು ಅವರ ಮುಂದೆ ಹಿಡಿದಳು. “ಮೊದ್ಲು ನಿಮ್ಮ ಸಾಮಾನು ಹಿಡ್ಕೊಳ್ಳಿ ಸಾರ್.”

ಅವರು ಬಾಯಿ ತೆರೆಯುವ ಮೊದಲೇ, ಸಡಿಲಾದ ಕ್ಯಾನುಗಳ ಹಗ್ಗ ಬಿಗಿಯಲು ವ್ಯಾನಿನ ಮೇಲೆ ಹತ್ತಿದ್ದ ಚಿಕ್ಕಬೀರಪ್ಪ ಕೂಗಿದ.

“ಸ್ವಾಮೀ, ನಿಮ್ ಗಾಡಿ ನೆತ್ತಿ ಮ್ಯಾಲೆ ಅದೇನು, ಗೋಣಿಚೀಲದ ಮಡಿಕೇಲಿ? ಕರ್ರಗೆ, ದುಂಡಕೆ... ಅಯ್ಯೋ, ಮುಚ್ಚಳ ಕಣ್ರೀ!”

ಅಜ್ಜಂಪುರಕ್ಕೆ ಹೋಗಿ, ಬೀರೂರಿಗೆ ಬಂದು, ಮಂಡಿಯ ಮುಂದೆ ಇರುಳು ಕಳೆದು, ಕಳುವಾದ ಮುಚ್ಚಳ ಸಾಹುಕಾರರ ತಲೆಯ ಮೇಲೆಯೇ ಸವಾರಿ ಮಾಡಿತ್ತು. ಚಿಕ್ಕಬೀರಪ್ಪ ಇಳಿದು ಬಂದು, ಅವರ ಕಾರಿನ ಮೆಟ್ಟಿಲ ಮೇಲೆ ನಿಂತು, ಅದನ್ನು ತೆಗೆದು ಅನಿತಾಳಿಗೆ ಕೊಟ್ಟ. ಮುಚ್ಚಳ ಹಿಡಿದು ನಿಂತಿದ್ದ ಸಾಲಿನಲ್ಲಿ ನಗು ಅಲೆಯಂತೆ ಹರಿಯಿತು.

“ಸಿಕ್ತಲ್ಲ, ಬಿಡಿ” ಎಂದರು ಹನುಮಂತಯ್ಯ. “ಅನಿತಾ, ಸಾಹುಕಾರ್ರಿಗೆ ಪೆಟ್ರೋಲ್ ಹಾಕು.”

ಎಷ್ಟು ಸುಲಭದ ಮಾತು! ಕಳವಿನ ಆರೋಪಕ್ಕೆ ಊರೇ ಸಾಕ್ಷಿಯಾಗಬೇಕು. ನಿರಪರಾಧಿತ್ವಕ್ಕೆ ಎರಡು ಪದ ಸಾಕು.

ಅನಿತಾ ಮುಚ್ಚಳವನ್ನು ರಾಮಸ್ವಾಮಿಯವರ ಎರಡೂ ಕೈಗಳಲ್ಲಿ ಇಟ್ಟಳು. ಪೆಟ್ರೋಲ್ ಹಾಕಲಿಲ್ಲ.

“ನಿನ್ನೆ ಕ್ಷಮೆ ಕೇಳೋರು ಒಬ್ರು ಬೇಕು ಅಂದ್ರಲ್ಲ ಯಜಮಾನ್ರೇ. ಇವತ್ತು ಯಾರು ಕೇಳ್ತೀರ?”

ಮಧುಶ್ರೀ ತನ್ನ ನಳಿಗೆಯನ್ನು ಪಂಪಿಗೆ ಸಿಕ್ಕಿಸಿ ಕೈ ಕಟ್ಟಿ ನಿಂತಳು. ಈರಕ್ಕ ಕಛೇರಿಯ ಒಳಗೆ ಹೋಗಿ ಆ ಒಂದೇ ಕುರ್ಚಿಯನ್ನು ಎಳೆದು ತಂದು ನೆರಳಿನಲ್ಲಿ ಹಾಕಿದಳು.

“ಕೂತ್ಕೊಳೇ ಅನಿತಾ. ಕೇಳೋರು ನಿಂತ್ಕೊಂಡು ಕೇಳ್ಲಿ.”

ಅನಿತಾ ಕುಳಿತಳು. ಕಾರುಗಳ ಸಾಲು ರಸ್ತೆಯವರೆಗೆ ಬೆಳೆದಿತ್ತು. ರಾಮಸ್ವಾಮಿ ಹನುಮಂತಯ್ಯನವರ ಮುಖ ನೋಡಿದರು; ಹನುಮಂತಯ್ಯ ರಾಮಸ್ವಾಮಿಯವರ ಕೈಯಲ್ಲಿದ್ದ ಮುಚ್ಚಳ ನೋಡಿದರು.

“ಬೇಗ ಕೇಳ್ಬಿಡಿ ಸ್ವಾಮಿ!” ಚಿಕ್ಕಬೀರಪ್ಪ ಹಿಂದಿನಿಂದ ಕೂಗಿದ. “ಹಾಲು ಒಡೆದೋಯ್ತದೆ!”